ದಿಲ್‌ಪಸಂದ್ ಎಂಬ ಪದಕ್ಕೆ ನೀನು ಕೊಟ್ಟ ಅರ್ಥ

ಚಳ್ಳಕೆರೆ ಬಸ್ ಸ್ಟ್ಯಾಂಡ್ ಎದುರಿನ ಬೇಕರಿ ಬೆಂಚಿನ ಮಹಾಪಂಡಿತ ಶಶಿಕಾಂತನ ಸನ್ನಿಧಾನಕ್ಕೆ,

ಮೊಳಕಾಲ್ಮುರಿನಿಂದ ನಿನ್ನ ಗೆಳೆಯ ವಿನೋದನ ವಿಜ್ಞಾಪನೆ.

ದಿಲ್ ಅಂದರೆ ಹೃದಯ, ಪಸಂದ್ ಅಂದರೆ ಇಷ್ಟ. ಒಳಗೆ ಕೊಬ್ಬರಿ, ಸಕ್ಕರೆ ತುಂಬಿ ಬೇಯಿಸಿ, ಬೇಕರಿಯಲ್ಲಿ ಫುಲ್ಲು, ಹಾಫು ಎಂದು ಮಾರುವ ಆ ದುಂಡು ತಿಂಡಿಗೆ ಉರ್ದು ಬಲ್ಲ ಯಾವ ಪುಣ್ಯಾತ್ಮ ಹೆಸರಿಟ್ಟನೋ ಗೊತ್ತಿಲ್ಲ. ತಿಂದು ಸಂತೋಷಪಟ್ಟೇ ಇಟ್ಟಿರಬೇಕು. ತಾವು ಅಷ್ಟಕ್ಕೆ ಬಿಡಲಿಲ್ಲ. ತಮ್ಮ ಬೆಂಚಿನ ಭಾಷೆಯಲ್ಲಿ ಬಸ್ಸಿಳಿಯುವ ಹುಡುಗಿಯರೆಲ್ಲ ದಿಲ್‌ಪಸಂದ್. "ಬಂತು ನೋಡ್ರಲೇ. ಮುಂದಿಂದು ಫುಲ್ಲು, ಹಿಂದಿಂದು ಹಾಫು."

ಲೇ ಶಶಿ, ನಮ್ಮ ಮನೆಯಲ್ಲಿ ಮಗ್ಗದಿಂದ ಸೀರೆ ಇಳಿದ ದಿನ ಅಪ್ಪ ಒಂದು ಇಡೀ ದಿಲ್‌ಪಸಂದ್ ತರುತ್ತಾನೆ. ಮೊದಲ ತುಂಡು ಲಾಳಿಗೆ ನೂಲು ಸುತ್ತಿಕೊಟ್ಟವರಿಗೆ, ಅಂದರೆ ನನ್ನ ತಂಗಿ ರಂಜಿತಾಗೆ. ಚಿಕ್ಕಂದಿನಿಂದ ಅವಳನ್ನು ಅಪ್ಪ ಮುದ್ದಿಗೆ ಕರೆಯುವುದೂ ಅದೇ ಹೆಸರಿನಿಂದ. ಮೊನ್ನೆ ತಗೋ ಎಂದು ತುಂಡು ಚಾಚಿ, ತನ್ನ ಮನೆಮಾತಿನ ತೆಲುಗು ಬೆರೆಸಿ, "ತೀಸ್ಕೋ ತಲ್ಲಿ, ನಮ್ಮನೆ ದಿಲ್‌ಪಸಂದ್ ನೀನೇ ಅಲ್ವಾ" ಅಂದ.

"ನನ್ನ ಹಂಗೆ ಕರೀಬ್ಯಾಡಪ್ಪ" ಎಂದು ಅವಳು ಎದ್ದು ಹೋದಳು. ಅಪ್ಪ ಕೈ ಚಾಚಿಕೊಂಡೇ ಕೂತಿದ್ದ. ತಾನೇನು ತಪ್ಪು ಮಾತಾಡಿದೆ ಎಂದು ಅವನಿಗೆ ಇನ್ನೂ ತಿಳಿದಿಲ್ಲ. ಬಸ್ಸಿಳಿದಾಗ ನೀನು ತನಗೆ ಅಂದದ್ದನ್ನೆಲ್ಲ ಅವಳು ಅವ್ವನ ಹತ್ತಿರ ಹೇಳಿ ಅತ್ತಳು. ಚಳ್ಳಕೆರೆ ಕಾಲೇಜು ಬಿಡುತ್ತೇನೆ ಅಂದಳು.

ಫೋನಿನಲ್ಲಿ ಕೇಳಿದರೆ ನೀನೇನಂದೆ? "ನಿನ್ನ ತಂಗಿ ಅಂತ ಗೊತ್ತಿದ್ರೆ ಅಂತಿದ್ನೇನಲೇ?" ನನಗೆ ಮೈಯೆಲ್ಲ ಉರಿದದ್ದು ಆ ಮಾತಿಗೆ. ಅಣ್ಣನ ಹೆಸರು ಹಣೆಗೆ ಅಂಟಿಸಿಕೊಂಡು ಇಳಿದವಳಿಗೆ ಮಾತ್ರ ರಿಯಾಯಿತಿಯೋ? ಉಳಿದವರನ್ನು ತೂಕ ಹಾಕಬಹುದೋ?

ಕ್ಷಮೆ ಕೇಳಲು ನಮ್ಮ ಮನೆಗೆ ಬರಬೇಡ. ಅವಳಿಗೆ ನಿನ್ನ ಮುಖ ಬೇಕಿಲ್ಲ, ದಾರಿ ಬೇಕು. ಸೋಮವಾರ ಕಾಲೇಜಿಗೆ ಹೋಗಲು ಹೇಗೋ ಒಪ್ಪಿಸಿದ್ದೇನೆ. ಆಮೇಲೆ ನಿಮ್ಮ ತಾಯಿ ಬಸವಲಿಂಗಮ್ಮನವರಿಗೂ ಫೋನ್ ಮಾಡಿದೆ. "ಸೋಮವಾರ ಬೇಕರಿ ಹತ್ರ ಬರ್ರಿ, ದಿಲ್‌ಪಸಂದ್ ಕೊಡಿಸ್ತೀನಿ" ಅಂದೆ. "ನನ್ನ ನೆನೆಸ್ಕೊಂಡೆಯಲ್ಲಪ್ಪ, ಬರ್ತೀನಿ" ಅಂದರು, ಪಾಪ.

ಮೊದಲ ಬಸ್ಸಿಗೆ ಬಂದು ಅವರನ್ನು ನಿನ್ನ ಪಕ್ಕದಲ್ಲೇ ಕೂರಿಸುತ್ತೇನೆ. ರಂಜಿತಾಳ ಬಸ್ಸು ಬಂದು ನಿಲ್ಲುತ್ತದೆ, ಹುಡುಗಿಯರು ಇಳಿಯುತ್ತಾರೆ. ಆಗ ನಿಮ್ಮವ್ವನಿಗೆ ಆ ಹೆಸರಿನ ಅರ್ಥ ನೀನೇ ಬಿಡಿಸಿ ಹೇಳು, ಫುಲ್ಲು ಹಾಫು ಸಮೇತ.

ಅಲ್ಲಿಯ ತನಕ ದೇವರು ನಿನ್ನ ನಾಲಿಗೆಯನ್ನು ಬಾಯೊಳಗೇ ಸುಖವಾಗಿ ಇಟ್ಟಿರಲಿ.

ಇಂತಿ,
ರಂಜಿತಾಳ ಅಣ್ಣ ವಿನೋದ