ಅರ್ಧ ನರ್ಸಿನ ಅತ್ತೆ

ಹೇವರ್ಡ್, ಕ್ಯಾಲಿಫೋರ್ನಿಯಾ
11 ಜೂನ್ 1986, ಬುಧವಾರ

ಪ್ರೀತಿಯ ಮಗ ಸಿದ್ರಾಮನಿಗೆ,

ಮೊದಲು ಆಶೀರ್ವಾದ, ಸಿಟ್ಟು ಆಮೇಲೆ. ಮೈಯಲ್ಲಿ ಹುಷಾರಿದ್ದೀಯಾ? ಸಿಯಾಟಲ್‌ನಲ್ಲಿ ಸೂರ್ಯ ವಾರಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಾನೆ ಎಂದು ನೀನು ಬರೆದಿದ್ದೆ. ಕಿವಿಗೆ ಹತ್ತಿ ಇಟ್ಟುಕೊಂಡು ಕಾರ್ಖಾನೆಗೆ ಹೋಗು, ಚಿಕ್ಕಂದಿನಿಂದ ನಿನಗೆ ಥಂಡಿ ಹತ್ತುವುದು ಕಿವಿಯಿಂದಲೇ. ಡಬ್ಬಿಯ ಬೀನ್ಸ್ ಬಿಸಿ ಮಾಡಿ ಬ್ರೆಡ್ಡಿನ ಮೇಲೆ ಸುರಿದುಕೊಂಡು ಉಣ್ಣುತ್ತೇನೆ ಎಂದು ನೀನು ಬರೆದದ್ದನ್ನು ಕೇಳಿ ನಿನ್ನ ಮಗಳು ಮಿನಿ ನಕ್ಕಳು, ನನಗೆ ನಗು ಬರಲಿಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋಯುತ್ತದೆ, ಅದು ಊರಿನಿಂದ ನನ್ನ ಜೊತೆಗೇ ಬಂದದ್ದು, ಅಮೆರಿಕದ ತಪ್ಪಲ್ಲ. ಮಿನಿ ನಾಲ್ಕನೇ ಕ್ಲಾಸು ಮುಗಿಸಿದಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಏನು ಅಂದಳೆಂದು ತಿಳಿಯದಿದ್ದರೂ ಸೊಕ್ಕು ತಿಳಿಯುತ್ತದೆ, ಅದು ನಮ್ಮ ಮನೆಯದೇ.

ನಿನ್ನ ಲಕೋಟೆ ಸೋಮವಾರ ಬಂತು. ಜೂನ್ ಇಪ್ಪತ್ತೆಂಟರ ಸಿಯಾಟಲ್ ವಿಮಾನಕ್ಕೆ ಮೂರು ಟಿಕೆಟು, ಹೆಂಡತಿ ವಿನೋದಾಗೊಂದು, ಮಗಳಿಗೊಂದು, ನನಗೊಂದು. ಕಾಗದ ಮಾತ್ರ ಒಂದೇ ಹಾಳೆ. ವಿನೋದಾ ನಿಂತಲ್ಲೇ ಓದಿ, ಮಡಿಸಿ ಮೇಜಿನ ಮೇಲಿಟ್ಟು, ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದಳು. ಆಮೇಲೆ ನಾನು ಓದಿದೆ. ಕನ್ನಡ ಮೂರನೇ ಇಯತ್ತೆ ಕಲಿತವಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ, ಹಾಗಾಗಿ ಒಂದೂ ತಪ್ಪಿಸಿಕೊಳ್ಳುವುದಿಲ್ಲ. “ಹೇಗೂ ಆಸ್ಪತ್ರೆಯವರು ಬಿಡಿಸಿದ್ದಾರೆ. ಅರ್ಧ ನರ್ಸಿಗೆ ಇನ್ನು ಎಲ್ಲಿಯ ಕೆಲಸ? ಸುಮ್ಮನೆ ಬಂದು ಮನೆ ನೋಡಿಕೊಂಡಿರಲಿ” ಎಂದು ಬರೆದಿದ್ದೀ. ಅರ್ಧ ನರ್ಸು. ಎರಡು ವರ್ಷದ ಹಿಂದೆ ಅಪೆಂಡಿಕ್ಸ್ ಕೊಯ್ಸಿಕೊಂಡು ಬಂದು ಮಲಗಿದ್ದಾಗ ನಿನ್ನ ಹೊಟ್ಟೆಯ ಪಟ್ಟಿ ಬದಲಿಸಿದ ಕೈ ಅರ್ಧವಾಗಿತ್ತೇನು? ಆಗ ನೀನು ಪೂರ್ತಿಯಾಗಿಯೇ ಕಿರುಚುತ್ತಿದ್ದೆ, ನಾನು ಪಕ್ಕದ ಕೋಣೆಯಲ್ಲಿದ್ದೆ.

ಆಸ್ಪತ್ರೆಯಲ್ಲಿ ಆದದ್ದನ್ನು ಅವಳು ನಿನಗೆ ನಾಲ್ಕು ಸಾಲಿನಲ್ಲಿ ತಿಳಿಸಿದ್ದಾಳೆ. ಪೂರ್ತಿ ನಾನು ಹೇಳುತ್ತೇನೆ, ಅದರಲ್ಲಿ ನನ್ನ ದಡ್ಡತನವೂ ಇದೆ. ಹೋದ ತಿಂಗಳು ಓಕ್ಲ್ಯಾಂಡಿನ ಆ ಆಸ್ಪತ್ರೆಯಿಂದ ಚೀಟಿ ಬಂತು. ಒಂದು ವರ್ಷ ಓದಿ ಲೈಸೆನ್ಸ್ ಪಡೆದ ನರ್ಸುಗಳೆಲ್ಲ ಶುಕ್ರವಾರ ಮೂರು ಗಂಟೆಗೆ ದೊಡ್ಡ ಕೋಣೆಗೆ ಬರಬೇಕು, ಕಾಫಿ ಇರುತ್ತದೆ ಎಂದು ಮಿನಿ ಓದಿ ಹೇಳಿದಳು. ನಮ್ಮ ಕಡೆ ದೊಡ್ಡವರು ಹೆಸರು ಹಿಡಿದು ಕರೆದು ಕೂರಿಸಿ ಚಹಾ ಕೊಡುತ್ತಾರೆಂದರೆ ಅದು ಸತ್ಕಾರ. ಎಂಟು ವರ್ಷ ದುಡಿದಿದ್ದಾಳೆ, ಮಾಡುತ್ತಾರೆ ಎಂದುಕೊಂಡೆ. “ಅತ್ತೀ, ಅದು ಬರೇ ಮೀಟಿಂಗು, ಹೋಳಿಗಿ ಯಾಕ್ರಿ” ಅಂದಳು. ನಾನು ಕೇಳಲಿಲ್ಲ. ಮೂವತ್ತು ಹೋಳಿಗೆ ಮಾಡಿ, ಅಂದು ಅವಳಿಗೆ ರಜೆ ಇದ್ದದ್ದರಿಂದ ಇಳಕಲ್ ಸೀರೆ ಉಡಿಸಿ, ಡಬ್ಬಿ ಕೈಗೆ ಕೊಟ್ಟು ಬಾರ್ಟ್ ರೈಲಿಗೆ ಹತ್ತಿಸಿದೆ.

ಅಲ್ಲಿಯ ಮೇಡಮ್ಮು ಎರಡು ಹೋಳಿಗೆ ತಿಂದು, ಬೆರಳು ಒರೆಸಿಕೊಂಡು, ಒಂದು ಹಾಳೆ ಓದಿದಳಂತೆ. ಈಗ ರೋಗಿಗಳು ತೀರಾ ಕೆಟ್ಟ ಮೇಲೆ ಬರುತ್ತಾರೆ, ಬೇಗ ಮನೆಗೆ ಹೋಗುತ್ತಾರೆ. ಅದಕ್ಕೇ ಜುಲೈಯಿಂದ ವಾರ್ಡಿನಲ್ಲಿ ಹೆಚ್ಚು ಓದಿ ದೊಡ್ಡ ಪರೀಕ್ಷೆ ಪಾಸಾದ ಆರ್‌ಎನ್ ನರ್ಸುಗಳು ಮಾತ್ರ. ಉಳಿದವರು ಬೇಕಾದರೆ ಮೈ ತೊಳೆಸುವ, ಹಾಸಿಗೆ ಬದಲಿಸುವ ಕೆಲಸಕ್ಕೆ ಇಳಿಯಬಹುದು, ಇಲ್ಲವೆ ಮುದುಕರ ನರ್ಸಿಂಗ್ ಹೋಮಿಗೆ ಹೋಗಬಹುದು. ಹಾಗೆ ಉಳಿದವರು ಹನ್ನೊಂದು ಮಂದಿ. ಇಪ್ಪತ್ತಾರು ವರ್ಷ ದುಡಿದ ಒಬ್ಬಾಕೆ ತನ್ನ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡು ಎದ್ದು ಹೋದಳಂತೆ. ವಿನೋದಾ ಮನೆಗೆ ಬಂದು “ಡಬ್ಬಿ ಖಾಲಿ ಆತ್ರಿ” ಅಂದಳು. ನಾನು ಹಿಗ್ಗಿ, ಮೇಡಮ್ಮಿಗೆ ಸೇರಿತೇ ಎಂದು ಕೇಳಿದೆ. ನನ್ನ ಸೊಸೆಯನ್ನು ತೆಗೆದು ಹಾಕುವಾಗ ಅವರ ಬಾಯಲ್ಲಿದ್ದದ್ದು ನನ್ನ ಹೂರಣ. ಇದನ್ನು ನಾನು ಮರೆಯುವುದಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ್ದು. ನಿನಗಾಗ ಆರು ವರ್ಷ. ನಿನ್ನ ಅಜ್ಜಿಯಿಂದ ಕಲಿತು ನಾನು ಊರಿನಲ್ಲಿ ಹೆರಿಗೆ ಮಾಡಿಸುತ್ತಿದ್ದೆ ಎನ್ನುವಷ್ಟು ನೆನಪಿರಬೇಕು. ಸರ್ಕಾರ ಊರಿಗೆ ನರ್ಸಬಾಯಿಯನ್ನು ಕಳಿಸಿದ ವರ್ಷ ಪಂಚಾಯ್ತಿಯವರು ನನ್ನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದರು. ಶಾಲು ಹೊದಿಸಿ, ಕಾಯಿ ಕೊಟ್ಟು, “ಇನ್ನ ಮ್ಯಾಲೆ ಹೆರಿಗಿ ಸರಕಾರದ ಬಾಯಿ ನೋಡತಾಳ, ನೀ ಆರಾಮ ಇರವಾ” ಅಂದರು. ಸತ್ಕಾರವನ್ನು ಕಂಡವಳೇ ನಾನು, ಆದರೂ ಈ ಊರಿನಲ್ಲಿ ಮತ್ತೆ ಮೋಸ ಹೋದೆ ನೋಡು. ಆ ನರ್ಸಬಾಯಿ ಒಳ್ಳೆಯವಳು. ಮರುದಿನ ನಮ್ಮ ಪಡಸಾಲೆಗೆ ಬಂದು, “ಬಂಗಾರೆವ್ವಾ, ತಾಲೂಕಿನಾಗ ಆರು ತಿಂಗಳ ತರಬೇತಿ ಐತಿ. ನಿಮ್ಮ ಕೈ ಛಲೋ ಅದಾವ, ಬರ್ರಿ” ಎಂದು ಕರೆದಳು. ನಿನ್ನ ಅಪ್ಪ ದೇವೇಂದ್ರಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. ಬೈಯಲಿಲ್ಲ, ಕೂಗಲಿಲ್ಲ, ಅಂಥ ಮನುಷ್ಯನಲ್ಲ. “ಮನಿ ಯಾರ ನೋಡತಾರ?” ಎಂದು ಒಂದೇ ಮಾತು ಕೇಳಿದ. ನಾನು ನಕ್ಕು, “ಆಗೂದಿಲ್ರಿ ಬಾಯಿ” ಅಂದೆ. ಮೂವತ್ತು ವರ್ಷವಾಯಿತು. ಅಂದಿನಿಂದ ಓಣಿಯಲ್ಲಿ ಹೊಸ ಕೂಸು ಅತ್ತರೆ ಹಿಟ್ಟು ನಾದುವ ಕೈ ನಿಲ್ಲಿಸಿ ಕೇಳುತ್ತಿದ್ದೆ, ಅಳು ಸರಿಯಾಗಿದೆಯೇ ಎಂದು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನಿನ್ನ ಕಾಗದದ ಕೊನೆಯ ಸಾಲು ಓದಿದಾಗ ಅಡಿಕೆ ಕತ್ತರಿಸುವ ಸಪ್ಪಳ ಕೇಳಿತು ತಮ್ಮಾ.

ಅರ್ಧ ನರ್ಸಿಗೆ ಎಲ್ಲಿಯ ಕೆಲಸ ಎಂದು ಕೇಳಿದ್ದೀ. ಇದೆ. ಸ್ಯಾನ್ ಲಿಯಾಂಡ್ರೋದ ನರ್ಸಿಂಗ್ ಹೋಮಿನವರು ಶನಿವಾರ ಭಾನುವಾರಕ್ಕೆ ಅವಳನ್ನು ಕರೆದಿದ್ದಾರೆ, ಒಬ್ಬಳೇ ನರ್ಸು, ನಲವತ್ತು ಮುದುಕರು. ಬೇಕಾದವರು ಇದ್ದಾರೆ, ಬೇಡವಾದದ್ದು ಆಸ್ಪತ್ರೆಗೆ ಮಾತ್ರ. ಆದರೆ ಅವಳಿಗೆ ಆಸ್ಪತ್ರೆಯ ವಾರ್ಡೇ ಬೇಕು. ಚಳಿಗಾಲದಲ್ಲಿ ಒಬ್ಬ ಮುದುಕನ ಮೀನಖಂಡ ಬಿಸಿಯಾಗಿ ಬಾತದ್ದನ್ನು ಮೊದಲು ಕಂಡವಳು ಇವಳು. ರಕ್ತ ಹೆಪ್ಪುಗಟ್ಟಿತ್ತಂತೆ, ಉಳಿದ. ಆದರೆ ಅದನ್ನು ಪರೀಕ್ಷಿಸಿ ಬರೆದು ಸಹಿ ಹಾಕುವ ಹಕ್ಕು ಆರ್‌ಎನ್ ನರ್ಸಿಗೆ ಮಾತ್ರ, ಹಾಕಿದವಳು ಇನ್ನೊಬ್ಬಳು. “ಕಂಡದ್ದು ನಾನು, ಬರದದ್ದು ಅಕಿ” ಎಂದು ಅಂದು ರೊಟ್ಟಿ ತಟ್ಟುತ್ತ ನನಗೆ ಹೇಳಿದ್ದಳು. ಮಾರ್ಚಿನಲ್ಲೇ ಗಾಳಿಸುದ್ದಿ ಕೇಳಿ ಇಲ್ಲಿಯ ಕಾಲೇಜಿಗೆ ಅರ್ಜಿ ಹಾಕಿ ಪರೀಕ್ಷೆ ಬರೆದಿದ್ದಾಳೆ, ನನಗೂ ಹೇಳದೆ. ಹೋದ ಗುರುವಾರ ಸೀಟು ಸಿಕ್ಕ ಕಾಗದ ಬಂತು. ಹಿಂದೆ ಓದಿದ ವರ್ಷವನ್ನು ಲೆಕ್ಕಕ್ಕೆ ಹಿಡಿದು ಒಂದೂವರೆ ವರ್ಷದಲ್ಲಿ ಪೂರ್ತಿ ನರ್ಸು ಮಾಡುತ್ತಾರೆ. ನಿನ್ನ ಕಂಪನಿ ನಿನ್ನನ್ನು ಅಲ್ಲಿಗೆ ಕಳಿಸಿರುವುದು ಎರಡೇ ವರ್ಷಕ್ಕೆ. ನೀನು ವಾಪಸು ಬರುವಷ್ಟರಲ್ಲಿ ಅವಳು ಸಹಿ ಹಾಕುವವಳಾಗಿರುತ್ತಾಳೆ. ಮನೆ ಯಾರು ನೋಡುತ್ತಾರೆ ಎನ್ನುತ್ತೀಯಾ? ನಾನು ನೋಡುತ್ತೇನೆ. ಮಿನಿಯ ಶಾಲೆ, ಅಡಿಗೆ, ಮೆಟ್ಟಿಲಿಳಿದು ಬಟ್ಟೆಯ ಮಷೀನು, ಎಲ್ಲ. ಈ ಕೈಗೆ ಮೂವತ್ತು ವರ್ಷದಿಂದ ವಿಶ್ರಾಂತಿಯೇ ಸಿಕ್ಕಿದೆ.

ಶಿವ ನಿನಗೆ ಆರೋಗ್ಯ ಕೊಡಲಿ, ಬುದ್ಧಿ ನಾನು ಕೊಟ್ಟಾಯಿತು. ಮಿನಿ ಮುತ್ತು ಕಳಿಸಿದ್ದಾಳೆ. ಬೀನ್ಸಿಗೆ ಒಂದಿಷ್ಟು ಸಾಸಿವೆ ಜೀರಿಗೆ ಒಗ್ಗರಣೆಯಾದರೂ ಹಾಕಿಕೋ.

ನಿನ್ನ ಹಡೆದವ್ವ,
ಬಂಗಾರೆವ್ವ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ಮಾತು ಉಳಿದಿದೆ. ವಿನೋದಾ ನಿನಗೊಂದು ಕಾಗದ ಬರೆದು, ಅಂಟಿಸಿ, ಅಂಚೆ ಡಬ್ಬಿಗೆ ಹಾಕಲು ನನ್ನ ಕೈಗೆ ಕೊಟ್ಟಳು. ಅದೂ ಇದರೊಳಗಿದೆ, ಒಡೆದಿಲ್ಲ. ಬರುತ್ತೇನೆ ಎಂದು ಬರೆದಿರುತ್ತಾಳೆ, ಕೊಡುವಾಗ ನಕ್ಕಳು, ಆ ನಗು ನನಗೆ ಗೊತ್ತು. ಸೀಟು ಬೇಕೋ ಬೇಡವೋ ಎಂದು ಕಾಲೇಜಿಗೆ ಇಪ್ಪತ್ತನೇ ತಾರೀಖು ಶುಕ್ರವಾರದೊಳಗೆ ಹೇಳಬೇಕು. ಅಷ್ಟರೊಳಗೆ ಫೋನು ಮಾಡು, ಓದು ಎಂದು ನಿನ್ನ ಬಾಯಿಂದ ಅವಳಿಗೆ ಹೇಳು. ಮೂರೂ ಟಿಕೆಟು ವಾಪಸು ಕಳಿಸಿದ್ದೇನೆ. ನನ್ನದನ್ನು ನಾನೇ ಹರಿದಿದ್ದೇನೆ. ಅವರಿಬ್ಬರದು ಹಾಗೆಯೇ ಇವೆ, ಅವನ್ನು ನೀನು ಹರಿ.