ಮನೆಯವರು ಇಲ್ವಾ?

ಜೂನ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ. ನೀನು ಎಷ್ಟು ಬೈದುಕೊಂಡಿರುತ್ತೀಯ ಅಂತ ಗೊತ್ತು, ಹೊಟ್ಟೆಗೆ ಹಾಕಿಕೋ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಬಾಡಿಗೆ ಮನೆಗೆ ಕರೆಂಟು ಹಾಕಿಸಿ ನೋಡು ಅಂತಲೂ ಸೇರಿಸಬೇಕು.

ಭಾನುವಾರ ನೀನೂ ಭಾವನೂ ಬರುವುದು ಕೇಳಿ ಜೀವ ಬಂತು. ಆದರೆ ಅಕ್ಕಪಕ್ಕದವರಿಗೆಲ್ಲ ವಿಷಯ ತಿಳಿಸಿ, ಇವಳನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಹೋಗುತ್ತೇನೆ ಅಂತ ಬರೆದಿದ್ದೀಯಲ್ಲ, ಅದೊಂದು ಬೇಡ. ಯಾಕೆ ಬೇಡ ಅಂತ ಹೇಳುವುದಕ್ಕೇ ಈ ಕಾಗದ.

ಇವರು ತೀರಿಕೊಂಡ ಮೇಲೆ ಆ ಹಳೆಯ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಇವರು ಕಾಲಿಡದ ಬೀದಿ, ಇವರು ಮುಟ್ಟದ ಗೋಡೆ ಬೇಕು ಅಂತಲೇ ಈ ಮನೆ ಹುಡುಕಿದ್ದು. ಮೊದಲು ಬಂದವನು ಮೀಟರು ಜೋಡಿಸುವ ಕರೆಂಟಿನವನು. ಏಣಿ ಹತ್ತುತ್ತಾ, "ಮನೆಯವರು ಇಲ್ವಾ?" ಅಂದ. "ಇಲ್ಲ" ಅಂದೆ. "ಸರಿ ಬಿಡಿ, ಬಂದ ಮೇಲೆ ಅವರಿಗೆ ಮೇನ್ ಸ್ವಿಚ್ ಎಲ್ಲಿದೆ ಅಂತ ತೋರಿಸಿಬಿಡಿ" ಅಂದ. ನಾನು ಹೇಳಿದ 'ಇಲ್ಲ'ವೇ ಬೇರೆ, ಅವನಿಗೆ ಕೇಳಿಸಿದ 'ಇಲ್ಲ'ವೇ ಬೇರೆ. ತಿದ್ದಬೇಕಿತ್ತು. ಆದರೆ ಅಷ್ಟು ಸಲೀಸಾಗಿ ಯಾರೋ "ಬಂದ ಮೇಲೆ" ಅಂದದ್ದು ಕಿವಿಗೆ ಹಿತವಾಯಿತು, ಸುಮ್ಮನಾದೆ.

ಆಮೇಲೆ ನಲ್ಲಿ ರಿಪೇರಿಯವನು. ಬರುತ್ತೇನೆ ಅಂದವನು ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಬೀಗ ಹಾಕಿ ಬಕೆಟ್ ತರಲು ಅಂಗಡಿಗೆ ಹೋದೆ. ತಿರುಗಿ ಬಂದರೆ ಬಾಗಿಲು ತೆರೆದಿದೆ, ಅಡುಗೆಮನೆಯ ನಲ್ಲಿಯಲ್ಲಿ ನೀರು ಸುರಿಯುತ್ತಿದೆ, ಅವನು ಕೈ ಒರೆಸಿಕೊಳ್ಳುತ್ತಿದ್ದಾನೆ. ಒಳಗೆ ಹೇಗೆ ಬಂದೆಯಪ್ಪಾ ಅಂದರೆ, ಮನೆಯವರು ಬಾಗಿಲು ತೆಗೆದರಲ್ಲ ಅಂದ. ಮನೆಯವರು ಅಂದರೆ ಮನೆ ಕೊಟ್ಟವರು ಅಂದುಕೊಂಡೆ ನಾನು, ಪೆದ್ದಿ. ಇನ್ನೊಂದು ಬೀಗದ ಕೈ ಇರುವುದು ಓನರಮ್ಮನ ಹತ್ತಿರ ತಾನೇ? ಉಪಕಾರವಾಯಿತು ಎಂದು ಹೇಳಲು ಹಿಂದಿನ ಬೀದಿಗೆ ಹೋದರೆ, ಆ ಒಂಟಿ ಮುದುಕಿ ಮಂಡಿನೋವಿನಿಂದ ಹಾಸಿಗೆ ಬಿಟ್ಟು ಎದ್ದೇ ಇಲ್ಲ. ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿದೆ, ಅದರ ಮೇಲೆ ಜೇಡ ಬಲೆ ಕಟ್ಟಿದೆ.

ಹಾಳಾಗಿ ಹೋಗಲಿ, ನಾನೇ ಬೀಗ ಸರಿಯಾಗಿ ಹಾಕಿರಲಿಲ್ಲವೇನೋ ಅಂತ ಸಮಾಧಾನ ಮಾಡಿಕೊಂಡೆ. ಮರುದಿನ ಗ್ಯಾಸಿನವನು ಬಂದದ್ದು ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ. ಕೆಳಗಿಳಿದು ಬರುವಷ್ಟರಲ್ಲಿ ಸಿಲಿಂಡರ್ ಕೂರಿಸಿ ಹೊರಟಿದ್ದ. ಮೆಟ್ಟಿಲ ಹತ್ತಿರ ನಿಂತು ನಗುತ್ತಾ ಹೇಳಿದ: "ಮನೆಯವರು ಲೀಕ್ ಇಲ್ಲ ಅಂತ ಸೋಪುನೀರು ಹಚ್ಚಿ ತೋರಿಸೋವರೆಗೂ ಬಿಡಲಿಲ್ಲಮ್ಮ. ನನ್ನ ಮೇಷ್ಟ್ರೇ ಅಂತಾರೆ ನೋಡಿ! ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು."

ಅಕ್ಕಾ, ಕ್ಷೌರದವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರನ್ನೂ ಮೇಷ್ಟ್ರೇ ಅಂತ ಕರೆಯುತ್ತಿದ್ದವರು ಯಾರು, ನಿನಗೆ ಗೊತ್ತು. ಓಡಿ ಒಳಗೆ ಹೋದೆ. ಒಲೆಯ ಪೈಪಿನ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ, ಅಷ್ಟೇ. ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಬೀದಿಗೆಲ್ಲ ಇವರು ಪರಿಚಯ. ಪೇಪರಿನವನು ಯಾರೂ ಇಲ್ಲದ ಗೇಟಿನ ಕಡೆ ನೋಡಿ ನಮಸ್ಕಾರ ಹಾಕಿ ಹೋಗುತ್ತಾನೆ. ಕಸದ ಗಾಡಿಯವಳಂತೂ, ನಿಮ್ಮ ಮನೆಯವರು ದೇವರಂಥವರು, ಕಸವನ್ನು ತಾವೇ ತಂದುಕೊಡುತ್ತಾರೆ ಎಂದು ಹೊಗಳಿದಳು. ಬದುಕಿದ್ದಾಗ ಒಂದು ದಿನ ಕಸದ ಬುಟ್ಟಿ ಮುಟ್ಟಿದವರಲ್ಲ! ಅಷ್ಟು ಭಯದಲ್ಲೂ ನಗು ಬಂತು ನನಗೆ.

ಅದಕ್ಕೇ ಬೇಡಿಕೊಳ್ಳುವುದು. ಈ ಬೀದಿಯವರಿಗೆ ವಿಷಯ ಗೊತ್ತಾಗದಿರುವಷ್ಟು ದಿನ ಮಾತ್ರ ಇವರು ಇಲ್ಲಿ ಇರುತ್ತಾರೆ ಅಂತ ನನಗೆ ಅನ್ನಿಸಿಬಿಟ್ಟಿದೆ. ಹುಚ್ಚು ಅನ್ನು, ಪರವಾಗಿಲ್ಲ. ಭಾನುವಾರ ಯಾರಾದರೂ ಕೇಳಿದರೆ ಬರೀ "ಇಲ್ಲ" ಅಂದುಬಿಡು. ಅದೇನೂ ಸುಳ್ಳಲ್ಲವಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ವರ್ಷ ತಣ್ಣಗಿರಲಿ. ನಿನ್ನ ಬೆನ್ನುನೋವಿಗೆ ಬಿಸಿನೀರಿನ ಶಾಖ ಬಿಡಬೇಡ.

ನಿನ್ನ
ಪುಟ್ಟಿ

ಮ.ವಿ.: ಹೆದರಿಕೆ ಆಗುವುದಿಲ್ಲವಾ ಅಂತ ಕೇಳುತ್ತೀಯ. ಮೊದಮೊದಲು ಆಯಿತು, ಈಗ ಇರುವುದು ಹೊಟ್ಟೆಕಿಚ್ಚು. ನಲ್ಲಿಯವನಿಗೆ ಬಾಗಿಲು ತೆಗೆದರು, ಗ್ಯಾಸಿನವನ ಜೊತೆ ಹರಟಿದರು. ನಾನು ಬೆಳಗಿನಿಂದ ಸಂಜೆವರೆಗೆ ಮನೆಯಲ್ಲೇ ಕೂತರೆ ಒಂದು ಕೆಮ್ಮೂ ಕೇಳಿಸುವುದಿಲ್ಲ. ನಾನು ಆಚೆ ಹೋದರೇ ಒಳಗೆ ಬರುತ್ತಾರೆ. ಊರಿಗೆಲ್ಲ ಕಂಡವರು ನನಗೊಬ್ಬಳಿಗೆ ಕಾಣುವುದಿಲ್ಲ ಅಂದರೆ ನಾನೇನು ಮಾಡಿದ್ದೆ ಅಕ್ಕಾ? ನಾಳೆ ಫೋನಿನವನು ಬರುತ್ತಾನಂತೆ. ಬೀಗ ಹಾಕಿಕೊಂಡು ಓನರಮ್ಮನ ಮನೆಗೆ ಹೋಗಿ ಕೂರುತ್ತೇನೆ. ಲೈನು ಬಂತು ಅಂತ ಗೊತ್ತಾದ ಮೇಲೆ ಓನರಮ್ಮನ ಫೋನಿನಿಂದಲೇ ನಮ್ಮ ಮನೆಗೆ ಮಾಡುತ್ತೇನೆ. ಇವರು ಎತ್ತಿ, ಯಾರು ಮಾತಾಡೋದು ಅಂತ ಕೇಳಿದರೆ, ಮನೆಯವರು ಅನ್ನುತ್ತೇನೆ.