ಮಡಿಕೆಗೆ ಒಂದಿಂಚು

ಹೊಲಿಗೆ ಕೋಣೆಯಿಂದ,
ಸೋಮವಾರ ಮಧ್ಯಾಹ್ನ

ನನ್ನ ಚಿನ್ನುಗೆ,

ಅಮ್ಮನ ಮುತ್ತುಗಳು. ಊಟ ಆಯಿತಾ, ಆರೋಗ್ಯವಾ ಎಂದೆಲ್ಲ ಕೇಳುತ್ತಾ ಕೂತರೆ ಹೇಳಬೇಕಾದದ್ದು ಮತ್ತೆ ಗಂಟಲಲ್ಲೇ ಉಳಿಯುತ್ತದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀನು ಒಪ್ಪಿಸಿದ ಕೆಲಸ ಮುಗಿದಿದೆ. ರಾಣಿ ಎನ್ನುವ ಆ ಹೆಂಗಸು ಯಾರೆಂದು ಪತ್ತೆಯಾಗಿದೆ.

ಶನಿವಾರ ಫೋನಿನಲ್ಲಿ ನೀನು ಬಿಕ್ಕಿ ಬಿಕ್ಕಿ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ನಿನ್ನ ಗಂಡ ಕೆಲಸದಿಂದ ಬಂದವರೇ ಲಾರಿ ಓಡಿಸುವ ಆಟಕ್ಕೆ ಕೂರುತ್ತಾರೆ, ಆಟದಲ್ಲಿ ಯಾರೋ ರಾಣಿಯ ಜೊತೆ ಊಟದ ಹೊತ್ತಿನವರೆಗೂ ಬರೆದು ಬರೆದು ಮಾತಾಡುತ್ತಾರೆ, ಈಗ ತಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನೇ ಬಿಚ್ಚಿ ಅವಳಿಗೆ ಪಾರ್ಸೆಲ್ ಮಾಡಿದ್ದಾರೆ ಅಂದೆ. ಯಾರವಳು ಎಂದು ಕೇಳಿದ್ದಕ್ಕೆ 'ಈಗ ಹೇಳೋಕಾಗಲ್ಲ, ಸ್ವಲ್ಪ ದಿನ ತಾಳು' ಅಂದರಂತೆ. ಪಾರ್ಸೆಲ್ ಮೇಲಿನ ವಿಳಾಸ ಓದಿಕೊಂಡು ನೀನು ನನಗೆ ಹೇಳಿದೆ: 'ಅಮ್ಮಾ, ಅವಳು ನಿನ್ನ ಬೀದಿಯಲ್ಲೇ ಇದ್ದಾಳೆ, ನಿನ್ನ ಕೋಣೆ ಕೆಳಗಿನ ಬಟನ್ ಅಂಗಡಿಗೆ ಕಳಿಸಿದ್ದಾರೆ. ಹೋಗಿ ನೋಡ್ಕೊಂಡು ಬಾ, ಎಂಥವಳು ಅಂತ. ನಾನು ಬ್ಯಾಗ್ ತುಂಬಿ ಇಟ್ಟಿದ್ದೀನಿ. ನೀನು ಹೂಂ ಅಂದ್ರೆ ಹೊರಟು ಬರ್ತೀನಿ.' ನಾನು ಕಳ್ಳಿ, 'ಆಯ್ತಮ್ಮಾ, ನೋಡ್ತೀನಿ' ಅಂದುಬಿಟ್ಟೆ. ನಿನ್ನೆ ಎರಡು ಸಲ ಫೋನ್ ಮಾಡಿದೆನಲ್ಲ, ಹೇಳಿಬಿಡೋಣವೆಂದೇ ಮಾಡಿದ್ದು. ನಿನ್ನ ದನಿ ಕೇಳಿದೊಡನೆ ಸೆಕೆಯ ಮಾತಾಡಿ ಇಟ್ಟೆ.

ಈಗ ಕೇಳು. ಅವಳಿಗೆ ಐವತ್ತೆಂಟು ದಾಟಿದೆ. ಮಂಡಿ ನೋವು, ಮುಕ್ಕಾಲು ತಲೆ ಬೆಳ್ಳಗಾಗಿದೆ. ಕಿಟಕಿ ಪರದೆ ಹೊಲಿದು ಜೀವನ ಮಾಡುತ್ತಾಳೆ. ಮೂಗು ಥೇಟ್ ನಿನ್ನದೇ. ಚಿನ್ನು, ಆ ರಾಣಿ ನಾನೇ ಕಣೇ.

ಓದಿ ನಗು ಬಂದರೆ ನಕ್ಕುಬಿಡು. ನನಗೆ ಮಾತ್ರ ಬರುತ್ತಿಲ್ಲ. ನಿನ್ನ ಕಣ್ಣೀರಿಗೆ ಕಾರಣಳಾದ ಹೆಂಗಸನ್ನು ಹುಡುಕಿಕೊಂಡು ಕನ್ನಡಿ ಮುಂದೆ ನಿಂತೆನಲ್ಲ, ಆ ನಾಚಿಕೆ ಯಾವ ತಾಯಿಗೂ ಬೇಡ.

ನೀನು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ನೆನಪಿದೆಯಲ್ಲ? ಅದರಲ್ಲಿ ಪರದೆಯ ವಿನ್ಯಾಸ ನೋಡುತ್ತಾ ಕೂತಿದ್ದ ಒಂದು ಸಂಜೆ ಆ ಆಟ ಕಣ್ಣಿಗೆ ಬಿತ್ತು. ನಿಮ್ಮಪ್ಪ ಹೋದ ಮೇಲೆ ಸಂಜೆಗಳು ಹೇಗಿರುತ್ತವೆಂದು ನಿನಗೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಸೈಕಲ್ಲೂ ತುಳಿಯಲು ಬಾರದ ನಾನು ಹದಿನೆಂಟು ಚಕ್ರದ ಲಾರಿಯನ್ನು ಬೆಟ್ಟದ ತಿರುವಿನಲ್ಲಿ ಇಳಿಸಿದ ದಿನ ಒಬ್ಬಳೇ ಚಪ್ಪಾಳೆ ತಟ್ಟಿದೆ. ಹತ್ತಾರು ಲಾರಿಗಳು ಸಾಲಾಗಿ ಹೋಗುವ ಆಟ ಅದು, ಓಡಿಸುತ್ತಲೇ ಮಾತು ಬರೆದು ಕಳಿಸಬಹುದು. ಎಲ್ಲರಿಗಿಂತ ಹಿಂದೆ ಠೀವಿಯಲ್ಲಿ ಬರುತ್ತೇನೆಂದು ಜೊತೆಯ ಲಾರಿಯವರೇ ಇಟ್ಟ ಹೆಸರು ರಾಣಿ. ವಯಸ್ಸು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಾಪ, ಆ ಲ್ಯಾಪ್‌ಟಾಪಿಗೆ ಬೆಟ್ಟ ಹತ್ತುವ ತಾಕತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ಚಿತ್ರ ನಿಂತುಬಿಡುತ್ತಿತ್ತು, ನಾನು ಕಂದಕದಲ್ಲಿರುತ್ತಿದ್ದೆ. ಆಸ್ಪತ್ರೆಯ ಪರದೆಗಳ ಆರ್ಡರಿನಲ್ಲಿ ಉಳಿದ ಹಣವಿತ್ತು. ಅಷ್ಟರಲ್ಲೇ ಆಟಕ್ಕೆಂದು ಒಂದು ಕಂಪ್ಯೂಟರ್ ಜೋಡಿಸಬಹುದಾ ಎಂದು ಸಾಲಿನಲ್ಲಿದ್ದವರನ್ನು ಕೇಳಿದೆ. 'ಡಬಲ್ ಹಾರ್ನ್' ಎಂಬ ಹೆಸರಿನವರೊಬ್ಬರು ಮುತುವರ್ಜಿಯಿಂದ ಉತ್ತರ ಕೊಟ್ಟರು. ಅಂಗಡಿಯವನು ತೋರಿಸಿದ ಗಾಜಿನ ಬಾಗಿಲಿನ, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟಿಗೆ ನಾನು ಬಾಯಿ ಬಿಟ್ಟಿದ್ದೆ. ಅವರು ಬರೆದರು, 'ಡಬ್ಬಿಗೆ ದುಡ್ಡು ಸುರೀಬೇಡಿ ರಾಣಿಯವ್ರೇ. ಆಟ ಓಡ್ಸೋದು ಗ್ರಾಫಿಕ್ಸ್ ಕಾರ್ಡು, ಅರ್ಧ ದುಡ್ಡು ಅದಕ್ಕಿಡಿ. ಪ್ರೊಸೆಸರ್ ಮಧ್ಯಮದ್ದು ಸಾಕು. ಪವರ್ ಸಪ್ಲೈ ಮಾತ್ರ ಅಗ್ಗದ್ದು ಬೇಡ, ಅದು ಕೈಕೊಟ್ರೆ ಉಳಿದಿದ್ದನ್ನೂ ಎಳ್ಕೊಂಡು ಹೋಗುತ್ತೆ.' ನನಗೆ ಥಟ್ಟನೆ ಅರ್ಥವಾಯಿತು. ಪರದೆಯಲ್ಲೂ ಅಷ್ಟೇ. ಅಲಂಕಾರದ ಗೊಂಡೆಗೆ ಹಣ ಹಾಕಿ ಒಳಪದರದ ಅಸ್ತರಿಗೆ ಜಿಪುಣತನ ಮಾಡಿದರೆ ಒಂದೇ ಬೇಸಿಗೆಗೆ ಬಣ್ಣ ಹೋಗುತ್ತದೆ. ಹಾಗಾಗಿ ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ, ಮೂರು ಫ್ಯಾನಿನ ದೊಡ್ಡದು. ಕ್ಯಾಬಿನೆಟ್ ಮಾತ್ರ ದೀಪವಿಲ್ಲದ ಪುಟ್ಟ ಕಪ್ಪು ಡಬ್ಬಿ.

ಕೊಳ್ಳುವ ಮೊದಲು ಅಳೆದಿದ್ದೆ, ನನ್ನ ಕೊರಳಲ್ಲಿ ನೇತಾಡುವ ಟೇಪಿನಲ್ಲೇ. ಡಬ್ಬಿಯ ಹೊರಗಿನ ಉದ್ದ ಹಿಡಿದು ಪರದೆಯ ಅಂಚು ಮಡಚಿ ಹೊಲಿಯಲು ಬಿಡುವ ಹಾಗೆ ಅದರಲ್ಲಿ ಮಡಿಕೆಗೆಂದು ಒಂದಿಂಚು ಕಳೆದೆ. ಮನೆಗೆ ತಂದು ಕೂರಿಸಲು ಹೋದರೆ ಕಾರ್ಡು ಒಳಗೇ ಹೋಗದು. ಡಬ್ಬಿಯ ಮುಂಭಾಗದಲ್ಲಿ ಫ್ಯಾನುಗಳೂ ತಗಡಿನ ಗೂಡೂ ಇದ್ದು ನಾಲ್ಕು ಬೆರಳು ಜಾಗ ಅವೇ ತಿಂದಿದ್ದವು. ಬಟ್ಟೆಯಾದರೆ ಎಳೆದು ಕೂರಿಸಬಹುದು, ತಗಡನ್ನು ಏನು ಮಾಡಲಿ? ಸೆಕೆಂಡ್‌ಹ್ಯಾಂಡ್ ಮಾಲು ವಾಪಸ್ ಇಲ್ಲ ಎಂದು ಅಂಗಡಿಯವನು ಕೈ ಅಲ್ಲಾಡಿಸಿದ. ಸಂಜೆ ಆಟದಲ್ಲಿ ಹೇಳಿಕೊಂಡೆ, 'ಮಡಿಕೆಗೆ ಒಂದಿಂಚು ಬಿಟ್ಟೇ ಅಳೆದಿದ್ದೆ' ಎಂದು. ಡಬಲ್ ಹಾರ್ನ್ ತಮ್ಮ ಲಾರಿಯನ್ನು ರಸ್ತೆ ಬದಿಗೆ ಹಾಕಿದರು. ಆಮೇಲೆ ಒಂದು ನಗು ಕಳಿಸಿ, 'ಚಿಂತೆ ಬಿಡಿ, ಏನಾದ್ರೂ ಮಾಡೋಣ' ಅಂದರು.

ಅದಾದ ಮೇಲೆ ಮಾತು ಮನೆಯ ಕಡೆಗೆ ತಿರುಗಿತು. ತಮ್ಮ ಅತ್ತೆ ಮನೆಗೆ ಬಂದರೆ ಮೊದಲು ಪರದೆಯ ಅಂಚು ತಿರುಗಿಸಿ ಹೊಲಿಗೆ ನೋಡುತ್ತಾರೆ, ಟೀ ಕೂಡ ನಿಂತೇ ಕುಡಿಯುತ್ತಾರೆ, 'ನಮ್ಮ ಕುರ್ಚಿಲೇನು ಸೂಜಿ ಇದ್ಯಾ' ಎಂದು ಬರೆದರು. ನನ್ನ ಲಾರಿ ಅಲ್ಲೇ ನಿಂತಿತು. ಹೆಂಡತಿ ನಿದ್ದೆಯಲ್ಲಿ ನಗುತ್ತಾಳೆ ಎಂದು ಬರೆದ ದಿನ, ಇವರು ನಿನ್ನ ಗಂಡನೇ ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ನೀನು ಚಿಕ್ಕವಳಿದ್ದಾಗಿನಿಂದ ಆ ನಗು ಕೇಳಿದ್ದೇನೆ.

ಆ ಕ್ಷಣವೇ 'ನಾನು ನಿಮ್ಮ ಅತ್ತೆ' ಅನ್ನಬೇಕಿತ್ತು. ಅನ್ನಲಿಲ್ಲ. ನನ್ನ ಬಗ್ಗೆ ಇನ್ನೇನು ಅನ್ನುತ್ತಾರೋ ಎಂಬ ಕೆಟ್ಟ ಚಪಲ. 'ಆಮೇಲೆ?' ಎಂದು ಬರೆದೆ. ಮಗಳ ಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಂತೆ ದಿನವೂ ಕೇಳಿದೆ.

ಇನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಹೋದ ತಿಂಗಳು ಅವರು ಹೇಳಿದರು, ಮಗು ಬರುವುದಿತ್ತು, ಮೂರನೇ ತಿಂಗಳಲ್ಲೇ ಕಳೆದುಕೊಂಡೆವು ಎಂದು. 'ಅವಳು ಅವರಮ್ಮಂಗೂ ಹೇಳಿಲ್ಲ. ಹೇಳಿದ್ರೆ ಬರ್ತಾರೆ, ನಿಂತಿರ್ತಾರೆ, ಹೋಗ್ತಾರೆ ಅಂತಾಳೆ. ಕೂತು ಒಂದು ಸಲ ಕೈ ಹಿಡ್ಕೊಂಡಿದ್ರೆ ಸಾಕಿತ್ತು ಅವಳಿಗೆ.' ಅದನ್ನು ಓದಿ ನಾನೇನು ಬರೆದೆ ಗೊತ್ತಾ? 'ಮುಂದೆ ಎಡ ತಿರುವು, ನಿಧಾನ' ಎಂದು. ಅಷ್ಟೇ. ನನ್ನ ಕಂದ ಅಷ್ಟು ನೋವು ನುಂಗಿಕೊಂಡು ಕೂತಿದ್ದಾಗ ನಾನು ಲಾರಿ ತಿರುಗಿಸಿದೆ. ಆವತ್ತೂ ನಿನಗೆ ಫೋನ್ ಮಾಡಿ ಸಾರಿಗೆ ಏನು ಹಾಕಿದೆ ಎಂದು ಕೇಳಿದೆ. ನನಗೆ ಹೇಸಿಗೆಯಾಗುತ್ತಿದೆ, ಚಿನ್ನು.

ನಿಲ್ಲುವುದು ನನಗೆ ಅಭ್ಯಾಸವಾಗಿಹೋಗಿದೆ. ಜನರ ಮನೆಗೆ ಅಳತೆಗೆ ಹೋಗಿ ಹೋಗಿ, ಬೇರೆಯವರ ಕುರ್ಚಿಯಲ್ಲಿ ಕೂರಬಾರದು ಎನ್ನುವುದು ಮೈಗೇ ಹತ್ತಿದೆ. ನಿನ್ನ ಮನೆಯನ್ನೂ ಬೇರೆಯವರ ಮನೆಯೆಂದುಕೊಂಡೆನಾ? ಕೂತರೆ ಏಳಲು ಮನಸ್ಸು ಬಾರದೆಂಬ ಹೆದರಿಕೆಯೂ ಇತ್ತು, ಅದೂ ನಿಜ.

ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ನನ್ನ ಕಂಪ್ಯೂಟರಿನ ಕಾರ್ಡು ಚಿಕ್ಕದು, ನಿಮ್ಮ ಡಬ್ಬಿಗೆ ಹಿಡಿಸುತ್ತೆ, ಕಳಿಸ್ತೀನಿ ಎಂದು ವಿಳಾಸ ಕೇಳಿದಾಗ ಬಟನ್ ಅಂಗಡಿಯದು ಕೊಟ್ಟೆ. ಅತ್ತೆಯ ಬೀದಿ ಯಾವ ಅಳಿಯನಿಗೆ ನೆನಪಿರುತ್ತದೆ ಎಂದುಕೊಂಡೆ. ಅವರದು ಒಳ್ಳೆಯ ಮನಸ್ಸು. ಯಾರಿಗೂ ಹೇಳಿಕೊಳ್ಳಲಾಗದ್ದನ್ನು ಗುರುತಿಲ್ಲದವಳ ಹತ್ತಿರ ಹೇಳಿಕೊಂಡಿದ್ದಾರೆ, ಬೇರೇನೂ ಇಲ್ಲ. ತಪ್ಪು ಪೂರ್ತಿ ನನ್ನದು. ಅವರನ್ನು ಬಿಟ್ಟು ಬರಬೇಡ. ಬೈಯುವುದಿದ್ದರೆ ನನ್ನನ್ನು ಬೈಯಿ. ನಾನೇ ಬರಲಾ ಎಂದು ಕೇಳೋಣವೆಂದರೆ ಯಾವ ಮುಖ ಹೊತ್ತು ಬರಲಿ?

ನಿನ್ನವಳೇ ಆದ,
ಅಮ್ಮ

ವಿ.ಸೂ.: ಕಾಗದ ಮಡಚುತ್ತಿದ್ದಂತೆ ಬಟನ್ ಅಂಗಡಿಯಾಕೆ ಕೆಳಗಿನಿಂದ 'ಅಕ್ಕಾ, ನಿಮ್ಮ ಲಾರಿ ಸಾಮಾನು ಬಂತು' ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಪೆಟ್ಟಿಗೆ ಬಿಚ್ಚಿದೆ. ಕಾರ್ಡನ್ನು ಸುತ್ತಿಟ್ಟಿದ್ದು ನಿಮ್ಮ ಊಟದ ಮೇಜಿನ ಕುರ್ಚಿಯ ದಿಂಬಿನಲ್ಲಿ. ನಾನೇ ಹೊಲಿದುಕೊಟ್ಟ ಹಸಿರು ದಿಂಬು, ನಾನು ಒಮ್ಮೆಯೂ ಕೂರದ ದಿಂಬು. ಯಾರೋ ರಾಣಿಗೆ ಇದನ್ನು ಕಳಿಸುತ್ತಾರಾ? ನಿಮ್ಮ ಮನೆಯ ಕಿಟಕಿ ಅಳೆಯುವಾಗಲೂ ಅವರೆದುರು ನಾನು ಹೇಳಿದ್ದು ಇದೇ ಮಾತು; ಮಡಿಕೆಗೆ ಒಂದಿಂಚು ಎಂದ ಸಂಜೆಯೇ ಅವರಿಗೆ ಗುರುತು ಸಿಕ್ಕಿದೆ. ಅತ್ತೆಯ ಮಾತು ಶುರುವಾದದ್ದೂ ಅದಾದ ಮೇಲೆಯೇ. ಅಷ್ಟು ದಿನ ಅವರು ನನಗೇ ಹೇಳುತ್ತಿದ್ದರು, ನಾನು ಕದ್ದು ಕೇಳುತ್ತಿದ್ದೇನೆಂದುಕೊಂಡಿದ್ದೆ. ನೀನು ಕೇಳಿದಾಗ ಬಾಯಿ ಬಿಡದೆ ಬೈಸಿಕೊಂಡದ್ದು ನನ್ನ ಮಾನ ಉಳಿಸಲು. ಬ್ಯಾಗ್ ಬಿಚ್ಚಿಡು, ಚಿನ್ನು. ಕೊರಿಯರಿನಲ್ಲಿ ಹಾಕಿದರೆ ಈ ಕಾಗದ ನಾಳೆ ಬೆಳಿಗ್ಗೆ ನಿನ್ನ ಕೈ ಸೇರುತ್ತದಂತೆ, ನಾಳೆ ಸಂಜೆಯ ಬಸ್ಸಿಗೆ ನಾನು ಬರುತ್ತೇನೆ. ದಿಂಬು ವಾಪಸ್ ತರುತ್ತಿದ್ದೇನೆ. ಅದನ್ನು ಕುರ್ಚಿಗೆ ಕಟ್ಟಿ, ನಿನ್ನ ಪಕ್ಕ ಕೂರುತ್ತೇನೆ.